ತಾಯಿಪಾರಿನ ದಾರಿ

ತಾಯಿಪಾರಿನ ದಾರಿ ನಮ್ಮ ಮನೆ ದಾಟಿ ಹೋಗುವುದಿಲ್ಲ ಎಂದು ಕಿಡಾವ್ ತನ್ನ ಸೋದರಮಾವನಿಗೆ ಮಾತು ಕೊಟ್ಟಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಮಾವ ಹುಡುಗನ ಕೈಯನ್ನು ಚುಕ್ಕಾಣಿಯ ಮೇಲಿಟ್ಟು, ಅದರ ಮೇಲೆ ತನ್ನ ಕೈ ಒತ್ತಿ ಹೇಳಿಸಿದ್ದ. "ಹಸಿದರೂ ಹೇಳಬೇಡ. ಸಾಯೋ ಹೊತ್ತಿಗೂ ಹೇಳಬೇಡ." ಹುಡುಗ ಹೂಂ ಅಂದಿದ್ದ.

ಆ ದ್ವೀಪದಲ್ಲಿ ಮನೆತನ ಸಾಗುವುದು ತಾಯಿಯ ಕಡೆಯಿಂದ. ಕಡಲಿನ ಗುಟ್ಟು ಮಾತ್ರ ಸೋದರಮಾವನಿಂದ ಸೋದರಳಿಯನಿಗೆ. ಪಾರ್ ಎಂದರೆ ನೀರಿನ ಮೇಲೆ ತಲೆ ಎತ್ತದ ಹವಳದ ದಿಬ್ಬ. ಅದನ್ನು ಕಂಡುಹಿಡಿದವನ ಮನೆಗೆ ಅದು ಹೊಲವಿದ್ದಂತೆ. ಕಿಡಾವನಿಗೆ ಈಗ ವಯಸ್ಸಾಗಿತ್ತು. ದ್ವೀಪವೆಲ್ಲ ಅವನನ್ನು ಮಲ್ಮಿ, ಅಂದರೆ ದಾರಿ ಬಲ್ಲ ನಾವಿಕ, ಎಂದೇ ಕರೆಯುತ್ತಿತ್ತು. ಅಳಿಯಂದಿರು ಇರಲಿಲ್ಲ. ಇದ್ದವಳು ತಂಗಿಯ ಮಗಳು ತಾಹಿರಾಬಿ ಒಬ್ಬಳೇ. ಹವಳದ ವಿಷಯ ಓದಿ, ಸಂಶೋಧಕಿಯಾಗಿ ಊರಿಗೇ ಮರಳಿದವಳು.

"ಮಾವ, ಒಳಗಡಲಿನ ಹವಳ ಮುಗೀತು," ಎಂದಳು ತಾಹಿರಾ. ಕಿಡಾವ್ ಆಸ್ಪತ್ರೆಯಿಂದ ಬಂದು ಜಗುಲಿಯಲ್ಲಿ ಕಾಲು ಚಾಚಿದ್ದ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಮಂಗಳವಾರ, ಶುಕ್ರವಾರ ಯಂತ್ರಕ್ಕೆ ತೋಳು ಕೊಟ್ಟು ರಕ್ತ ತೊಳೆಸಿಕೊಂಡು ಬರುವುದು ಅವನ ಪಾಲಿಗೆ ಬಂದಿತ್ತು. "ನೀರಿನ ಬಿಸಿಗೆ ಮೂರು ಬೇಸಿಗೆ ಬೆಳ್ಳಗಾಯ್ತು. ಮೂರನೇ ಸಲ ಏಳಲೇ ಇಲ್ಲ. ದ್ವೀಪ ಕಾಯೋ ಆ ಹವಳದ ಗೋಡೆ ಪುಡಿಯಾದ್ರೆ ಅಲೆ ನೆಟ್ಟಗೆ ನಮ್ಮ ಹಿತ್ತಲಿಗೆ."

"ಬಡಗು ತುದಿಯ ಬಾವಿಗೆ ಉಪ್ಪುನೀರು ಬಂತಂತೆ."

"ಬಂತು. ನಿಮ್ಮ ಪಾರಿನ ಹವಳ ಮಾತ್ರ ಬಿಸಿಗೆ ಬಿಳಿಚಲಿಲ್ಲ ಅಂತ ನೀವೇ ಅಂದಿದ್ರಿ."

"ನಡುವೆ ಒಂದು ಗುಂಡಿ ಉಂಟು. ಇಳಿತದಲ್ಲಿ ನೀರು ನಿಂತು ಮಧ್ಯಾಹ್ನಕ್ಕೆ ಗಂಜಿಯಷ್ಟು ಬಿಸಿ. ಅದರೊಳಗೇ ಜಿಂಕೆಕೊಂಬಿನ ಹಾಗೆ ನಿಂತಿರ್ತಾವೆ. ಏನೂ ಆಗಿಲ್ಲ."

ತಾಹಿರಾ ಹತ್ತಿರ ಸರಿದು ಕೂತಳು. ದಿನವೂ ಬಿಸಿ ಉಂಡು ಬೆಳೆದ ಹವಳ ದೊಡ್ಡ ಬಿಸಿಯನ್ನೂ ತಡೆದುಕೊಳ್ಳುತ್ತದೆ ಎಂದು ಎಷ್ಟೋ ಕಡಲುಗಳಲ್ಲಿ ಈಚೆಗೆ ಕಂಡುಕೊಂಡಿದ್ದರು. ಅಂಥ ಹವಳದ ಬೆರಳುದ್ದದ ತುಂಡು ತಂದು, ದ್ವೀಪಕ್ಕೂ ಹವಳದ ಗೋಡೆಗೂ ನಡುವಿನ ಒಳಗಡಲಿನಲ್ಲಿ ನೆಟ್ಟರೆ ಗೋಡೆ ಮತ್ತೆ ಬೆಳೆಯಬಹುದು. ಆದರೆ ಮೇ ತಿಂಗಳ ಕಾವು ಏರುವ ಮುಂಚೆ ಅವು ಬೇರೂರಬೇಕು. ಏಪ್ರಿಲ್ ಆಗಲೇ ಅರ್ಧ ಕಳೆದಿತ್ತು.

"ಕರಕೊಂಡು ಹೋಗಿ ಮಾವ."

ಕಿಡಾವ್ ಚಾಚಿದ ಕಾಲನ್ನು ಮಡಿಸಿಕೊಂಡ. "ನೀನು ಮನೆಯವಳೇ. ಹೆಣ್ಣಿಗೆ ಹೇಳಬೇಡ ಅಂತ ಮಾವ ಅನ್ನಲಿಲ್ಲ. ಅವನಿಗೆ ಅದು ಹೊಳೆದಿರಲಿಕ್ಕಿಲ್ಲ. ಆದರೆ ಆ ದಾರಿ ಹೇಳೋ ಜಿಪಿಎಸ್ ಯಂತ್ರ ದೋಣಿ ಹತ್ತಿದ್ರೆ ನಾನು ಹತ್ತೋದಿಲ್ಲ. ಅದರ ಹೊಟ್ಟೆಯಲ್ಲಿ ಗುಟ್ಟು ನಿಲ್ಲೋದಿಲ್ಲ."

"ಸರಿ. ಆದರೆ ಗುರುವಾರ ಹೊರಟು ಗುರುವಾರವೇ ವಾಪಸ್. ಶುಕ್ರವಾರ ಬೆಳಿಗ್ಗೆ ನೀವು ಆಸ್ಪತ್ರೆಯ ಯಂತ್ರದ ಹತ್ತಿರ ಇರಬೇಕು."

ಗುರುವಾರ ಬೆಳಕು ಹರಿಯುವಾಗ ಮೂವರು ದೋಣಿಗೆ ಸಾಮಾನು ಹೇರುತ್ತಿದ್ದರು. ಮೂರನೆಯವನು ಇಂಜಿನ್ ನೋಡಿಕೊಳ್ಳುವ ಬಂಬನ್, ಮೈಯೆಲ್ಲ ಗ್ರೀಸು, ಬಾಯಿ ತುಂಬ ಮಾತು. ಪಕ್ಕದ ದೋಣಿಯಲ್ಲಿ ಸೂರೆ ಎಂಬ ಟ್ಯೂನಾ ಮೀನಿಗೆ ಹೊರಡುತ್ತಿದ್ದ ಪೂಕೋಯ ತಲೆ ಎತ್ತಿದ. ಕಿಡಾವನ ಮನೆಗೂ ಅವನ ಮನೆಗೂ ಮೀನಿನ ಜಾಗದ ಬಗ್ಗೆ ಹಳೇ ಪೈಪೋಟಿ.

"ಎಲ್ಲಿಗೆ ಮಲ್ಮಿ?"

"ಪಡುವಣಕ್ಕೆ," ಎಂದ ಕಿಡಾವ್, ಕಣ್ಣು ಮಿಟುಕಿಸದೆ.

ದೋಣಿ ಬಿಡುವಾಗ ಹೋಗುವ ದಿಕ್ಕು ಹೇಳಬಾರದು, ಕೇಳಿದರೆ ಬೇರೆ ದಿಕ್ಕು ಹೇಳಬೇಕು. ಆ ದಡದ ರೂಢಿ ಅದು. ಕೇಳಿದವನೂ ನಂಬುವುದಿಲ್ಲ, ಹೇಳಿದವನಿಗೂ ಪಾಪ ಅಂಟುವುದಿಲ್ಲ. ತಾಹಿರಾಳ ತಾಯಿ ಕೇಳಿದಾಗಲೂ ಅಣ್ಣ ಅದನ್ನೇ ಹೇಳಿದ್ದ. ತಾಹಿರಾ ನಕ್ಕು ಹಗ್ಗ ಬಿಚ್ಚಿದಳು. ಅವಳಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಹವಳದ ಗೋಡೆಯ ಬಾಯಿ ದಾಟಿ, ದ್ವೀಪ ತೆಂಗಿನ ಗೆರೆಯಾಗಿ ತೆಳುವಾದ ಮೇಲೆ, ಕಿಡಾವ್ ದೋಣಿಯ ಮೂತಿಯನ್ನು ಬಡಗಣಕ್ಕೆ ತಿರುಗಿಸಿದ.

ಅವನು ದಾರಿ ಕಲಿಸಿದ್ದು ಹೀಗೆ: ಮಸೀದಿಯ ಮಿನಾರು ಬೆನ್ನ ಹಿಂದೆ ನೀರಿಗೆ ಮುಳುಗುವವರೆಗೂ ಅದನ್ನು ದೋಣಿಯ ಹಿಂಬದಿಯ ಕಂಬಕ್ಕೆ ಹೊಂದಿಸಿಕೊಂಡೇ ಇರಬೇಕು. ಆಮೇಲೆ ಕಣ್ಣು ಮುಚ್ಚಬೇಕು. ದೊಡ್ಡ ಅಲೆಯ ಕೆಳಗೆ ಇನ್ನೊಂದು ಸಣ್ಣ ಅಲೆ ಬಲಗಡೆಯಿಂದ ದೋಣಿಯ ಪಕ್ಕೆ ತಟ್ಟುತ್ತದೆ. ದಿಬ್ಬಕ್ಕೆ ಬಡಿದು ಹಿಂದಿರುಗಿದ ಅಲೆ ಅದು. ಅದರ ಎದುರು ಹೋಗಬೇಕು. ತಾಹಿರಾ ಕಣ್ಣು ಮುಚ್ಚಿ ಕೂತಳು. ಮೊದಲು ಇಂಜಿನ್ನಿನ ನಡುಕ ಬಿಟ್ಟರೆ ಏನೂ ತಿಳಿಯಲಿಲ್ಲ. ನೆತ್ತಿ ಸುಡತೊಡಗಿತು. ಗಾಳಿ ಸತ್ತಿತ್ತು, ಕಡಲು ಕಾಸಿ ಇಳಿಸಿದ ಎಣ್ಣೆಯಂತೆ ಮಿನುಗುತ್ತ ಮಲಗಿತ್ತು. ಕೊನೆಗೆ ಬಂತು, ಮಗು ನಿದ್ದೆಯಲ್ಲಿ ಒದ್ದ ಹಾಗೆ, ಮೆಲ್ಲಗೆ.

"ಬಂತು ಮಾವ! ಬಲಕ್ಕೆ!"

"ನನಗೆ ಮೂರು ವರ್ಷ ಹಿಡಿದಿತ್ತು," ಎಂದ ಕಿಡಾವ್, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

"ನನಗೂ ಹೇಳಿ ಮಲ್ಮಿ," ಇಂಜಿನ್ ಗುಂಡಿಯಿಂದ ಬಂಬನ್ ಕೂಗಿದ.

"ನಿನಗೆ ಗುಂಡಿಯೊಳಗೆ ಆಕಾಶವೇ ಕಾಣೋದಿಲ್ಲ. ಅದಕ್ಕೇ ನಿನ್ನ ಕರಕೊಂಡು ಬಂದದ್ದು."

ಮಧ್ಯಾಹ್ನದ ಹೊತ್ತಿಗೆ ನೀಲಿ ನೀರು ಹಸಿರಾಯಿತು, ಹಸಿರು ಜೇನಿನ ಬಣ್ಣಕ್ಕೆ ತಿರುಗಿತು. ದಿಬ್ಬದ ಅಂಚಿನಲ್ಲಿ ಬರಿ ಮರಳಿದ್ದ ಕಡೆ ಲಂಗರು ಇಳಿಸಿದರು. ತಾಹಿರಾ ಕನ್ನಡಕ ಬಿಗಿದು ಧುಮುಕಿದಳು.

ಸತ್ತ ಹವಳವನ್ನೇ ನೋಡಿ ನೋಡಿ ಬೇಸತ್ತ ಕಣ್ಣು ಅವಳದು. ಇಲ್ಲಿ ಕೊಂಬೆಗಳು ಕಂದು, ಬಂಗಾರ, ನೇರಳೆ. ತುದಿಗಳಲ್ಲಿ ಎಳೆ ಚಿಗುರಿನ ಬೆಳಕು. ಅವುಗಳ ನಡುವೆ ಗಿಳಿಮೀನುಗಳು ಕಟಕಟನೆ ಕಡಿಯುತ್ತಿದ್ದ ಸದ್ದು ಕಿವಿ ತುಂಬ. ಗುಂಡಿಯ ನೀರು ಕೆನ್ನೆಗೆ ಬಿಸಿಯಾಗಿ ತಗುಲಿತು. ನೀರೊಳಗೇ ಅವಳು ನಕ್ಕಳು. ಉಪ್ಪುನೀರು ಬಾಯಿಗೆ ನುಗ್ಗಿತು.

ಒಂದೊಂದು ಗಿಡದಿಂದ ಒಂದೊಂದೇ ಬೆರಳು. ಹೆಚ್ಚು ಕತ್ತರಿಸಿದರೆ ತಾಯಿಗೆ ಗಾಯ. ಇಕ್ಕಳದಿಂದ ಮುರಿದು ಬುಟ್ಟಿಗೆ ಹಾಕುವುದು, ಮೇಲೆ ಬಂದು ಉಸಿರೆಳೆಯುವುದು, ಮತ್ತೆ ಇಳಿಯುವುದು. ಬಂಬನ್ ಬುಟ್ಟಿ ಎಳೆದು ನೀಲಿ ಪೀಪಾಯಿಗಳಿಗೆ ತುಂಬಿಸಿದ.

ಕೊನೆಯ ಸಲ ಮೇಲೇಳುವಾಗ ಯಾರೋ ಕಾಲು ಹಿಡಿದರು.

ಬಗ್ಗಿ ನೋಡಿದಳು. ಬಲೆ! ಯಾವುದೋ ದೊಡ್ಡ ಹಡಗು ಕಳೆದುಕೊಂಡ, ಕಡಲೆಲ್ಲ ಅಲೆದು ಬಂದ ನೈಲಾನ್ ಬಲೆ. ಒದ್ದಳು. ಇನ್ನೂ ಬಿಗಿಯಿತು. ಎದೆ ಉರಿಯತೊಡಗಿತು.

ಒದೆಯಬೇಡ, ಎಂದುಕೊಂಡಳು. ಸೊಂಟದ ಚಾಕು ಕೈಗೆ ಬಂತು. ಒಂದು ಎಳೆ. ಇನ್ನೊಂದು. ಕಾಲಿನ ರಬ್ಬರ್ ರೆಕ್ಕೆಯನ್ನೇ ಕಳಚಿ ಬಲೆಗೆ ಬಿಟ್ಟು ಮೇಲಕ್ಕೆ ಚಿಮ್ಮಿದಳು. ಬಂಬನ್ ತೋಳು ಹಿಡಿದು ಒಳಗೆಳೆದುಕೊಂಡ.

"ಲಂಗರು ಜಾರ್ತಿದೆ!" ಕಿಡಾವ್ ಕೂಗಿದ. ಬಲೆಯ ಭಾರ ಲಂಗರಿನ ಹಗ್ಗಕ್ಕೆ ಬಿದ್ದು, ದೋಣಿ ಹವಳದ ಕಡೆಗೆ ಸರಿಯುತ್ತಿತ್ತು.

ಬಂಬನ್ ಇಂಜಿನ್ ಗುಂಡಿಗೆ ಹಾರಿದ. ಇಂಜಿನ್ ಗುಡುಗಿತು.

"ಬೇಡ! ಬಲೆ ಕೆಳಗುಂಟು!"

ಮಾತು ಮುಗಿಯುವ ಮುಂಚೆಯೇ ಕೆಳಗೆ ಏನೋ ಫಟ್ಟೆಂದಿತು. ಇಂಜಿನ್ ಬರಿದೇ ಕಿರುಚಿ ನಿಂತಿತು. ಕಿಡಾವ್ ಎರಡನೇ ಲಂಗರನ್ನು ಎತ್ತಿ ಮರಳಿನ ಕಡೆ ಬೀಸಿದ. ಹಗ್ಗ ಬಿಗಿಯಿತು, ದೋಣಿ ಗಕ್ಕನೆ ನಿಂತಿತು. ಮುದುಕ ಅಲ್ಲೇ ಕುಸಿದು ಕೂತ. ಉಸಿರು ತಿದಿಯಂತೆ ಒತ್ತುತ್ತಿತ್ತು.

ಬಲೆಯನ್ನು ಕತ್ತರಿಸಿ ದೋಣಿಯೊಳಗೆ ಎಳೆದು ಹಾಕಿದರು, ಅಲ್ಲೇ ಬಿಟ್ಟರೆ ಪಾರನ್ನು ಕೊಲ್ಲುತ್ತಿತ್ತು. ಆದರೆ ನೀರು ತಳ್ಳುವ ಫ್ಯಾನಿನ ದಂಡವೇ ತುಂಡಾಗಿತ್ತು.

"ರಿಪೇರಿ?" ತಾಹಿರಾ ಕೇಳಿದಳು.

"ದಡದಲ್ಲಿದ್ರೆ ಒಂದು ದಿನ. ಇಲ್ಲಿ ದುವಾ ಮಾಡಬಹುದು," ಎಂದ ಬಂಬನ್. ಟಾರ್ಪಾಲು ಕಟ್ಟಿ ಹಾಯಿ ಮಾಡಿದರು. ಅದು ಒಣಗಲು ಹಾಕಿದ ಲುಂಗಿಯಂತೆ ಜೋತುಬಿತ್ತು.

ಬೆಳಗಾದಾಗ ಶುಕ್ರವಾರ. ಕಿಡಾವನ ಪಾದ ಊದಿ ಬೆರಳುಗಳ ನಡುವಿನ ಗೆರೆ ಮುಚ್ಚಿಹೋಗಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಆದ್ದರಿಂದ ಕೂತೇ ಇದ್ದ. ಕುಡಿಯುವ ನೀರಿನ ಕ್ಯಾನು ನಿನ್ನೆಯ ಗಲಾಟೆಯಲ್ಲಿ ಉರುಳಿ, ನೀರು ತಳಕ್ಕೆ ಇಳಿದಿತ್ತು. ತಾಹಿರಾ ಉಳಿದದ್ದನ್ನು ತನ್ನ ಪುಟ್ಟ ಮಗಳ ಹಾಲಿನ ಬಾಟಲಿಯಲ್ಲಿ ಅಳೆದಳು; ಮಾವನಿಗೆ ವೈದ್ಯರು ಗೊತ್ತುಮಾಡಿದ್ದ ದಿನದ ನೀರಿನ ಪಾಲು ಅಳೆಯಲೆಂದೇ ಅದನ್ನು ತಂದಿದ್ದಳು. ಅವಳಿಗೂ ಬಂಬನ್‌ಗೂ ಎಳನೀರಿತ್ತು.

"ಒಂದು ಕೆತ್ತು ಮಗಳೇ," ಎಂದ ಕಿಡಾವ್, ಎಳನೀರನ್ನೇ ನೋಡುತ್ತ.

"ಆಗೋದಿಲ್ಲ. ಅದರಲ್ಲಿರೋ ಪೊಟ್ಯಾಸಿಯಂ ನಿಮ್ಮ ಕಿಡ್ನಿ ಹೊರಗೆ ಹಾಕೋದಿಲ್ಲ. ಎದೆ ನಿಂತುಹೋಗ್ತದೆ."

"ತೆಂಗಿನ ದ್ವೀಪದಲ್ಲಿ ಹುಟ್ಟಿದವನಿಗೆ ಎಳನೀರೇ ವಿಷ! ಉಪ್ಪಿಲ್ಲದ ಮೀನು, ಮಗುವಿನ ಬಾಟಲಿ. ಇನ್ನು ತೊಟ್ಟಿಲೊಂದು ಬಾಕಿ."

"ಕಟ್ತೇನೆ, ಈ ಬಲೆಯಲ್ಲೇ ಆಗ್ತದೆ," ಎಂದ ಬಂಬನ್. ಮುದುಕ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ.

ಹವಳದ ಬುಟ್ಟಿಗಳನ್ನು ತಾಹಿರಾ ಮತ್ತೆ ನೀರಿಗೆ ಇಳಿಬಿಟ್ಟಿದ್ದಳು. ಅವು ಕಾಯಬಲ್ಲವು. ಮಾವ ಕಾಯಲಾರ.

ಆಗ, ಇಡೀ ರಾತ್ರಿ ಯಾರ ದನಿಯೂ ಸಿಗದಿದ್ದ ಕೈ ರೇಡಿಯೊ ಗರಗರ ಎಂದಿತು.

"...ಮಲ್ಮಿ... ಕೇಳಿಸ್ತದಾ... ಪೂಕೋಯ ಮಾತಾಡೋದು..."

ತಾಹಿರಾ ಅದನ್ನು ಕಸಿದುಕೊಂಡಳು. "ಕೇಳಿಸ್ತದೆ ಪೂಕೋಯ ಇಕ್ಕಾ! ಇಂಜಿನ್ ಹೋಗಿದೆ! ಮಾವನಿಗೆ ಕಾಯಿಲೆ ಜೋರಿದೆ!"

"ಎಲ್ಲಿದ್ದೀರಿ ಮಾರಾಯ್ರೇ? ಮಲ್ಮಿ ಪಡುವಣ ಅಂದದ್ದಕ್ಕೆ ನಾನು ಮೂಡಣಕ್ಕೆ ಹೋಗಿ ಹುಡುಕಿದೆ! ಅಲ್ಲಿಲ್ಲ. ನಿನ್ನಮ್ಮ ಅತ್ತು, ಪಡುವಣವೇ ಅಂದಳು, ಅಲ್ಲೂ ನೋಡಿದೆ. ಡೀಸೆಲ್ ಅರ್ಧ ಮುಗೀತು. ಬೇಗ ಹೇಳು!"

ತಾಹಿರಾ ಮಾವನ ಮುಖ ನೋಡಿದಳು. ಅವನು ತಲೆ ಅಲ್ಲಾಡಿಸಿದ.

"ಪೂಕೋಯನಿಗೆ ಬೇಡ. ಗಾಳಿ ಏಳ್ತದೆ."

"ಗಾಳಿ ಇಲ್ಲ ಮಾವ. ನಿಮ್ಮ ಶ್ವಾಸಕೋಶದಲ್ಲಿ ನೀರು ತುಂಬ್ತಾ ಇದೆ."

"ನನ್ನ ಮಾವನೂ ಸತ್ತ. ಹೇಳಲಿಲ್ಲ. ಪೂಕೋಯ ಬಂದರೆ ನಾಳೆ ಗಾಳ ಬೀಳ್ತದೆ, ನಾಡಿದ್ದು ಹತ್ತು ದೋಣಿ. ನಿನ್ನ ತಾಯಿಗಿಡಗಳೂ ಹೋಗ್ತಾವೆ. ಅದು ಬೇಕಾ?"

ಅದು ನಿಜವಾಗಿತ್ತು; ಅದೇ ಅವಳಿಗೆ ಚುಚ್ಚಿತು. ಕೆಳಗೆ ಜೇನುಬಣ್ಣದ ನೀರಿನಲ್ಲಿ ಆ ಕೊಂಬೆಗಳು. ಎದುರಿಗೆ ಊದಿದ ಪಾದ.

"ಬೇಡ," ಎಂದಳು. "ಆದರೆ ನಿಮ್ಮನ್ನು ಇಲ್ಲಿ ಕೊಂದು ಹವಳದ ಕಲ್ಲು ಹೊತ್ತುಕೊಂಡು ಹೋಗೋದಿಲ್ಲ. ದಾರಿ ಈಗ ನನಗೂ ಗೊತ್ತು. ನಾನು ಹೇಳ್ತೇನೆ." ರೇಡಿಯೊ ಬಾಯಿಗೆತ್ತಿ ಗುಂಡಿ ಒತ್ತಿದಳು.

ಒದ್ದೆಯಾದ, ಊದಿದ ಕೈಯೊಂದು ಅವಳ ಮಣಿಕಟ್ಟು ಹಿಡಿಯಿತು. ಎಳೆ ಮೀನಿನಷ್ಟೂ ಬಲವಿರಲಿಲ್ಲ ಅದರಲ್ಲಿ.

"ನಿನ್ನ ಬಾಯಿಂದ ಬೇಡ ಮಗಳೇ. ಮಾತು ಕೊಟ್ಟವನು ನಾನು. ಮುರಿಯೋನೂ ನಾನೇ ಆಗಲಿ."

ರೇಡಿಯೊ ತಾನೇ ತೆಗೆದುಕೊಂಡ. ಎರಡು ಸಲ ಉಸಿರೆಳೆದ.

"ಪೂಕೋಯ. ಬಡಗಣಕ್ಕೆ ಬಾ. ಮಿನಾರನ್ನು ಹಿಂಬದಿ ಕಂಬಕ್ಕೆ ಹಿಡಿ. ಅದು ಮುಳುಗಿದ ಮೇಲೆ ಇಂಜಿನ್ ನಿಲ್ಲಿಸಿ ಕಣ್ಣು ಮುಚ್ಚು. ಬಲಪಕ್ಕೆಗೆ ಸಣ್ಣ ಅಲೆ ತಟ್ಟೀತು..."

ರೇಡಿಯೊ ಒಮ್ಮೆ ಗರಗರ ಎಂದಿತು. ಆಮೇಲೆ "ಬಂದೆ" ಎಂದಷ್ಟೇ ಕೇಳಿಸಿತು.

ಪೂಕೋಯನ ದೋಣಿ ಬಂದು ಪಕ್ಕಕ್ಕೆ ಒತ್ತಿದಾಗ ಅವನು ಮೊದಲು ನೋಡಿದ್ದು ನೀರಿನೊಳಕ್ಕೆ. ನೋಡುತ್ತಲೇ ನಿಂತ. ಆಳುಗಳಲ್ಲಿ ಒಬ್ಬ ಗಾಳದ ಹಗ್ಗಕ್ಕೆ ಕೈ ಹಾಕಿದ.

"ಕೈ ತೆಗಿ," ಎಂದ ಪೂಕೋಯ. "ಮೀನು ಹಿಡಿಯೋಕೆ ಬಂದದ್ದಾ ನಾವು?"

ಕಿಡಾವನನ್ನು ಎತ್ತಿ ಪೂಕೋಯನ ದೋಣಿಯ ನೆರಳಿಗೆ ಕೂರಿಸಿದರು. ಕೆಟ್ಟ ದೋಣಿಗೆ ಹಗ್ಗ ಬಿಗಿದರು. ತಾಹಿರಾ ಹವಳವನ್ನು ಮತ್ತೆ ಪೀಪಾಯಿಗಳಿಗೆ ತುಂಬಿ, ಅವುಗಳ ನಡುವೆ ನಿಂತು ಬಕೆಟ್ಟಿನಿಂದ ನೀರು ಬದಲಿಸತೊಡಗಿದಳು. ಹಳೇದು ಹೊರಕ್ಕೆ, ಹೊಸದು ಒಳಕ್ಕೆ. ಭುಜ ಸುಟ್ಟಿತು, ಅಂಗೈ ಸುಲಿಯಿತು. ಆದರೂ ಪೀಪಾಯಿಯ ನೀರು ಬಿಸಿಲಿಗೆ ಪಾರಿನ ಗುಂಡಿಗಿಂತಲೂ ಹೆಚ್ಚು ಕಾಯುತ್ತಲೇ ಇತ್ತು. ಹವಳದ ಒಂದೆರಡು ಬೆರಳುಗಳು ತಾಳಲಾರದೆ ಲೋಳೆ ಬಿಡತೊಡಗಿದವು.

"ಇಕ್ಕಾ! ನಿಮ್ಮಲ್ಲಿ ಐಸ್ ಇದೆಯಾ?"

"ಮೀನಿಗೆ ಇದೆ."

"ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡಿ. ನೀರಿಗೆ ತಾಗಬಾರದು, ತಂಪು ಮಾತ್ರ ಬರಬೇಕು."

"ಕಲ್ಲಿಗೆ ಐಸ್!" ಪೂಕೋಯ ಹಣೆ ಚಚ್ಚಿಕೊಂಡ. "ಕೊಡ್ರೋ, ಕೊಡ್ರೋ. ಮೀನು ಹೇಗೂ ಹಳಸ್ತದೆ. ಕಲ್ಲಾದ್ರೂ ಬದುಕಲಿ." ಬಂಬನ್ ಚೀಲಗಳನ್ನು ಹಗ್ಗದ ಮೇಲೆ ಒಂದೊಂದಾಗಿ ಜಾರಿಸಿಕೊಂಡು ತಂದ.

ಮಿನಾರು ನೀರಿನಿಂದ ಮೇಲೆದ್ದಿತು. ತೆಂಗಿನ ಗೆರೆ ದಪ್ಪವಾಯಿತು. ದಡದಲ್ಲಿ ಅರ್ಧ ದ್ವೀಪ ನೆರೆದಿತ್ತು. ತಾಹಿರಾಳ ತಾಯಿ ಸೊಂಟದ ಮೇಲೆ ಮೊಮ್ಮಗಳನ್ನಿಟ್ಟುಕೊಂಡು ಮೊಣಕಾಲುದ್ದ ನೀರಿಗೆ ಇಳಿದಿದ್ದಳು. ಆಸ್ಪತ್ರೆಯ ಗಾಡಿ ಬಾಗಿಲು ತೆರೆದು ನಿಂತಿತ್ತು.

"ಎಲ್ಲಿ ಸಿಕ್ಕಿದ್ರು ಪೂಕೋಯ? ಯಾವ ಕಡೆ?" ಗುಂಪಿನಿಂದ ನಾಲ್ಕಾರು ದನಿ ಒಮ್ಮೆಗೇ ಎದ್ದವು.

ಸ್ಟ್ರೆಚರಿನ ಮೇಲೆ ಒರಗಿ ಕೂತಿದ್ದ ಕಿಡಾವ್ ಕಣ್ಣು ತೆರೆದ. ತಾಹಿರಾಳ ಕೈಯ ಬಕೆಟ್ ಅಲ್ಲೇ ನಿಂತಿತು.

ಪೂಕೋಯ ಹಗ್ಗ ಸುತ್ತುತ್ತಿದ್ದವನು ತನ್ನ ಆಳುಗಳ ಮುಖವನ್ನು ಒಂದು ಸಲ ನೋಡಿದ. ಆಮೇಲೆ ಮುಳುಗುವ ಸೂರ್ಯನ ಕಡೆ ಗಲ್ಲ ಎತ್ತಿದ.

"ಪಡುವಣಕ್ಕೆ," ಎಂದ.

ಮುದುಕನಿಗೆ ಕೆಮ್ಮು ಬಂತೋ ನಗು ಬಂತೋ, ಗಾಡಿಯ ಬಾಗಿಲು ಮುಚ್ಚುವವರೆಗೂ ಅವನ ಭುಜ ಕುಲುಕುತ್ತಿತ್ತು.

ಬೆಳಕು ಇರುವಷ್ಟರಲ್ಲೇ ತಾಹಿರಾ ಮತ್ತು ಬಂಬನ್ ಒಳಗಡಲಿಗೆ ಇಳಿದು, ಮೊದಲೇ ಊರಿಟ್ಟಿದ್ದ ಕಬ್ಬಿಣದ ಚೌಕಟ್ಟುಗಳಿಗೆ ಹವಳದ ಬೆರಳುಗಳನ್ನು ಕಟ್ಟಿದರು. ಕೆಲವು ದಾರಿಯಲ್ಲೇ ಸತ್ತಿದ್ದವು. ಮೇ ತಿಂಗಳ ಕಾವು ಬಂದಾಗ ಇನ್ನೂ ಕೆಲವು ಹೋದವು. ಉಳಿದವು ಕಂದಾಗಿಯೇ ನಿಂತವು. ತುದಿಗಳಲ್ಲಿ ಬೆಳಕಿನಂಥ ಚಿಗುರು ಮೂಡಿತು. ಗೋಡೆಯಾಗಲು ಅವಳ ಮಗಳು ದೊಡ್ಡವಳಾಗಬೇಕು. ಆಗಲಿ.

ಒಂದು ಶುಕ್ರವಾರ ಯಂತ್ರದಿಂದ ಎದ್ದು ಬಂದ ಕಿಡಾವ್ ಅವಳನ್ನು ಕೇಳಿದ, "ಬಣ್ಣ ಉಂಟಾ?"

"ಉಂಟು ಮಾವ."

ಅವನು ಬಾಟಲಿಯಿಂದ ತನ್ನ ಪಾಲಿನ ಒಂದು ಗುಟುಕು ಕುಡಿದು ಕಡಲ ಕಡೆ ತಿರುಗಿ ಕೂತ. ತಾಯಿಪಾರಿನ ದಾರಿ ಈಗ ಎರಡು ಮನೆಗಳಿಗೆ ಗೊತ್ತಿತ್ತು. ಮಾವನಿಗೆ ಕೊಟ್ಟ ಮಾತನ್ನು ಕಿಡಾವ್ ಮುರಿದಿದ್ದ.