ಇನ್ನೊಂದಷ್ಟು ಗುರುವಾರಗಳು

ಮೊದಲ ದಿನ ಅವನು ನನ್ನನ್ನು ಡಾಕ್ಟರ್ ಅಂದುಕೊಂಡ. ತಪ್ಪು ಅವನದಲ್ಲ. ಚಾಮರಾಜನಗರದ ಆ ಥೆರಪಿ ಸೆಂಟರಿನ ಬೆಂಚಿನ ಮೇಲೆ, ಕಾಟನ್ ಸೀರೆ ಉಟ್ಟು, ಫೈಲ್ ತೊಡೆಯ ಮೇಲಿಟ್ಟುಕೊಂಡು, ಮುಖ ಗಂಟಿಕ್ಕಿಕೊಂಡು ಕೂತಿದ್ದೆ. ತಂಗಿಯ ಕೈ ಹಿಡಿದು ಬಂದವನು ನನ್ನೆದುರು ನಿಂತು ಶುರುಮಾಡಿಯೇಬಿಟ್ಟ.

"ಇಪ್ಪತ್ತೆರಡು ವರ್ಷ ಮೇಡಂ. ಮಾತು ನಾಕೈದೇ ಬರೋದು. ಬಿಸಿ ಅನ್ನ ಮುಟ್ಟಲ್ಲ, ಮಿಕ್ಸಿ ಸದ್ದು ಕೇಳುದ್ರೆ ಅಳ್ತಳೆ. ಏನ್ ಮಾಡನ ಮೇಡಂ?"

ನಡುವೆ ಬಾಯಿ ಹಾಕಲು ಜಾಗವನ್ನೇ ಕೊಡಲಿಲ್ಲ. ಎಲ್ಲ ಮುಗಿದ ಮೇಲೆ, "ನಂಗೇನ್ ಗೊತ್ತು? ನಾನೂ ನಿಮ್ಮಂಗೇ ಕಾಯ್ತಾ ಕೂತಿರೋಳು. ನನ್ ತಮ್ಮ ಒಳಗವ್ನೆ" ಅಂದೆ.

ಅವನ ಕಿವಿ ಕೆಂಪಗಾಯಿತು. "ಮತ್ತೆ ಅಷ್ಟೊತ್ತೂ ಸುಮ್ಕೆ ಕೇಳಿಸ್ಕೊಂಡ್ರಲ್ರೀ!"

"ಚೆನ್ನಾಗ್ ಹೇಳ್ತಿದ್ರಿ. ಯಾಕ್ ತಡೀಲಿ?"

ಆಗ ನಕ್ಕ. ಅವನದು ಮೊದಲು ಕಣ್ಣು ನಕ್ಕು, ಆಮೇಲೆ ಬಾಯಿ ನಗುವ ನಗು. ಆ ನಡುವಿನ ಒಂದು ಕ್ಷಣದಲ್ಲೇ ನಾನು ಜಾರಿಬಿದ್ದೆ ಅಂತ ಈಗ ಅನಿಸುತ್ತದೆ.

ಅವನ ಹೆಸರು ಸೋಮಶೇಖರ್. ಹರದನಹಳ್ಳಿಯವನು, ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಗುರುವಾರ ವಾರದ ರಜೆ. ಆ ದಿನ ತಂಗಿ ನಯನಾಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಿದ್ದ. ನಾನು ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ನನ್ನ ತಮ್ಮ ಮೃತ್ಯುಂಜಯನನ್ನು ಕರೆತರುತ್ತಿದ್ದೆ. ನಮ್ಮ ಬಾಯಲ್ಲಿ ಅವನು ಬರೀ ಜಯ. ಹತ್ತೊಂಬತ್ತು ವರ್ಷ, ಮೀಸೆ ಬಂದಿದೆ, ಬುದ್ಧಿ ಮಾತ್ರ ಇನ್ನೂ ಅಂಗಳದಲ್ಲೇ ಆಡುತ್ತಿದೆ.

ಒಳಗೆ ಅವರಿಬ್ಬರೂ ಫಿಸಿಯೋ ಕೋಣೆಯಿಂದ ಸ್ಪೀಚ್ ಕೋಣೆಗೆ, ಅಲ್ಲಿಂದ ಸಿಂಧು ಮೇಡಂ ಹತ್ತಿರ ದಿನನಿತ್ಯದ ಕೆಲಸ ಕಲಿಯಲು ಹೋಗುತ್ತಿದ್ದರು. ಎರಡು ಗಂಟೆ. ಅಷ್ಟು ಹೊತ್ತು ಹೊರಗಿನ ಬೆಂಚು ನಮ್ಮದು.

ನನಗೆ ಇಪ್ಪತ್ತೆಂಟು. ನೋಡಲು ಬಂದ ಗಂಡುಗಳೆಲ್ಲ ಜಯನನ್ನು ಕಂಡು, ಕಾಫಿ ಕುಡಿದು, "ತಿಳಿಸ್ತೀವಿ" ಅಂದು ಹೋದವರೇ. ಸೋಮಶೇಖರನಿಗೂ ಅದೇ ಅನುಭವ. "ನಿಮ್ಮನೇಲಿ ಕಾಫಿ ಕೊಡ್ತಿದ್ರಾ? ನಂಗೆ ಕೆಲವ್ರು ನೀರೂ ಕೊಡ್ನಿಲ್ಲ ಕಣ್ರೀ" ಅನ್ನುತ್ತಿದ್ದ. ಇಬ್ಬರೂ ನಗುತ್ತಿದ್ದೆವು. ಆ ವಿಷಯಕ್ಕೆ ನಗಬಹುದು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವನು ಟಿಫನ್ ಬಾಕ್ಸಿನ ಮುಚ್ಚಳ ತೆಗೆದು ನನ್ನ ಕಡೆ ಸರಿಸುತ್ತಿದ್ದ. ನಾನು ಬೇಡವೆನ್ನುತ್ತಲೇ ತಿನ್ನುತ್ತಿದ್ದೆ. ನಾನು ತಿನ್ನುವಾಗ ರಸ್ತೆ ನೋಡುವವನಂತೆ ನನ್ನನ್ನೇ ನೋಡುತ್ತಿದ್ದ. ಆರು ತಿಂಗಳಾದರೂ ಮನಸ್ಸಿನ ಮಾತು ಅವನೂ ಆಡಲಿಲ್ಲ, ನಾನೂ ಆಡಲಿಲ್ಲ.

ಏಪ್ರಿಲ್ಲಿನಲ್ಲಿ ಸಿಂಧು ಮೇಡಂ ಸುದ್ದಿ ಹೇಳಿದರು. ಜೂನಿನಿಂದ ಗುಂಡ್ಲುಪೇಟೆಯಲ್ಲೇ ಕೆಲಸ ಕಲಿಸುವ ಘಟಕ ಶುರುವಾಗುತ್ತದಂತೆ. ಪೇಪರ್ ಕವರ್ ಅಂಟಿಸುವುದು, ಅರಿಶಿನ ಪ್ಯಾಕ್ ಮಾಡುವುದು. ಥೆರಪಿಯೂ ಅಲ್ಲೇ. ಹನ್ನೆರಡು ಜನಕ್ಕೆ ಮಾತ್ರ ಜಾಗ. ಬಟ್ಟೆ, ಊಟ, ಶೌಚ ಯಾರ ಸಹಾಯವೂ ಇಲ್ಲದೆ ಮಾಡಿಕೊಳ್ಳುವವರಿಗೆ ಮೊದಲು.

ಜಯನಿಗೆ ಆ ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಸ್ ಕಂಡಕ್ಟರಿಗೆ, ಹೂವಿನವರಿಗೆ, ಬೀದಿಯಲ್ಲಿ ಸಿಕ್ಕವರಿಗೆಲ್ಲ ಸಾರಿಕೊಂಡು ಬಂದ. "ನಂಗೆ ಕೆಲ್ಸ! ನಾನು ಕೆಲ್ಸಕ್ಕೆ ಓಯ್ತೀನಿ!"

ಯಾರಾದರೂ ಪರೀಕ್ಷಿಸುವಂತೆ ನೋಡುತ್ತಿದ್ದರೆ ಜಯನ ಬೆರಳು ಮರಗಟ್ಟುತ್ತದೆ, ಮನೆಯಲ್ಲಿ ಬರುವುದೂ ಸೆಂಟರಿನಲ್ಲಿ ಮರೆತುಹೋಗುತ್ತದೆ. ಅದಕ್ಕೆ ಮೇಡಂ ಪ್ರತಿವಾರ ನಮಗೊಂದು ಹಾಳೆ ಕೊಡುತ್ತಿದ್ದರು. ಮನೆಯಲ್ಲಿ ಏನೇನು ಮಾಡಿದ ಅಂತ ಗುರುತು ಹಾಕಬೇಕು. 'ತಾನೇ ಮಾಡುತ್ತಾನೆ' ಒಂದು ಕಾಲಂ, 'ಸಹಾಯ ಬೇಕು' ಇನ್ನೊಂದು. "ಮನೆಯವರು ಬರೆದದ್ದನ್ನೇ ನಾನು ನಂಬೋದು" ಅನ್ನುತ್ತಿದ್ದರು.

ಅಂಗಿಯ ಗುಂಡಿ ಹಾಕಿಕೊಳ್ಳುವ ಸಾಲಿನ ಮುಂದೆ ನನ್ನ ಪೆನ್ನು ನಿಂತಿತು. ಜಯ ಗುಂಡಿ ಹಾಕಿಕೊಳ್ಳುತ್ತಿದ್ದ, ಐದಕ್ಕೆ ಐದೂ. ಆದರೆ ಅವನಿಗೆ ಗುಂಡ್ಲುಪೇಟೆಯಲ್ಲಿ ಜಾಗ ಸಿಕ್ಕರೆ ನನಗೆ ಚಾಮರಾಜನಗರದ ಬಸ್ಸು ಹತ್ತಲು ನೆಪವೇ ಇಲ್ಲ. ಫೋನ್ ನಂಬರ್ ಇತ್ತು, ಸರಿ. ಇನ್ನೂ ಏನೂ ಹೇಳಿಕೊಳ್ಳದವರು ಫೋನಿನಲ್ಲಿ ಏನು ಮಾತಾಡುವುದು? ಇನ್ನೊಂದಷ್ಟು ಗುರುವಾರ ಸಿಕ್ಕರೆ ಅವನು ಹೇಳಿಬಿಡುತ್ತಾನೆ ಅಂದುಕೊಂಡೆ.

'ಸಹಾಯ ಬೇಕು' ಅಂತ ಗುರುತು ಹಾಕಿದೆ. ಅದರ ಮುಂದಿನ ವಾರವೂ ಹಾಕಿದೆ. ಒಟ್ಟು ಐದು ವಾರ.

ಮೇ ಕೊನೆಗೆ ಹನ್ನೆರಡು ಹೆಸರಿನ ಪಟ್ಟಿ ಗೋಡೆಗೆ ಬಿತ್ತು. ಜಯನ ಹೆಸರಿರಲಿಲ್ಲ. ಮನೆಯಲ್ಲಿ "ಜಾಗ ಸಿಗ್ಲಿಲ್ಲ" ಅಂದೆ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ಮರು ಗುರುವಾರ ನನಗೆ ಬೇಕಾದ ಮಾತು ಬಂತು.

"ಬರೋ ವಾರ ಇನ್ನೊಂದಿನ ರಜಾ ಹಾಕ್ತೀನಿ. ಅಮ್ಮನ್ನ ಕರ್ಕೊಂಡು ನಿಮ್ಮೂರ್ ಕಡೆ ಬರ್ಲಾ?" ಅವನು ಟಿಫನ್ ಬಾಕ್ಸಿಗೆ ಹೇಳುತ್ತಿರುವಂತಿತ್ತು.

"ಯಾಕೆ, ನಮ್ಮೂರ್ ಬೆಟ್ಟ ನೋಡಕ್ಕಾ?"

"ಬೆಟ್ಟಕ್ಕೆ ಆಮೇಲ್ ಹೋಗನ. ಮೊದ್ಲು ಕಾಫಿಗೆ."

ನನಗೆ ನಗು ಬಂತು, ಅಳುವೂ ಬಂತು. "ಸಕ್ರೆ ಎಷ್ಟು?" ಅಂದೆ. ನನ್ನ ಬದುಕಿನಲ್ಲಿ ನಾನು ಪೂರ್ತಿ ಸುಖವಾಗಿದ್ದದ್ದು ಅಷ್ಟು ಹೊತ್ತು.

ಥೆರಪಿ ಮುಗಿಸಿ ಜಯ, ನಯನಾ ಹೊರಗೆ ಬಂದರು. ಹನಿ ಬೀಳುತ್ತಿತ್ತು. ನಯನಾ ಬೈಕಿಗೆಂದು ಜರ್ಕಿನ್ ಹಾಕಿಕೊಂಡು ಗುಂಡಿಗಳ ಜೊತೆ ಗುದ್ದಾಡುತ್ತಿದ್ದಳು. ಜಯ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು, ಒಂದೊಂದೇ ಗುಂಡಿ ಹಾಕಿದ. ಒಂದೂ ತಪ್ಪಲಿಲ್ಲ.

ಬಾಗಿಲಲ್ಲಿ ಸಿಂಧು ಮೇಡಂ ನಿಂತಿದ್ದರು. "ಜಯಾ! ಇದು ಯಾವಾಗ ಕಲಿತೆ?"

"ಯುಗಾದಿಗೇ ಬತ್ತಿತ್ತು!" ಜಯ ಎದೆಯುಬ್ಬಿಸಿದ. "ಅಕ್ಕ ಹೇಳ್ಕೊಟ್ಲು."

ಮೇಡಂ ನನ್ನನ್ನು ನೋಡಿದರು, ಬೈಯಲಿಲ್ಲ. "ಐದು ವಾರ ಬೇರೆ ಥರ ಬರೆದಿದ್ರಲ್ಲ ಶಿವಾನಿ" ಅಂದು ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು.

"ಯಾಕ್ರೀ ಹಂಗೆ ಬರೆದ್ರಿ?" ಸೋಮಶೇಖರ್ ಕೇಳಿದ.

ಇನ್ನೊಂದು ಸುಳ್ಳಿಗೆ ನನಗೆ ಶಕ್ತಿಯಿರಲಿಲ್ಲ. "ಗುರುವಾರ ತಪ್ಪೋಗ್ತದೆ ಅಂತ. ನೀವು ಸಿಗಲ್ಲ ಅಂತ."

ಅವನ ಮುಖ ಮೊದಲು ಕರಗಿತು. ನಾನು ಕಣ್ಣಾರೆ ಕಂಡೆ, ಅದೊಂದನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು. ಆಮೇಲೆ ಅವನು ತಂಗಿಯ ಕಡೆ ತಿರುಗಿದ. ತಿರುಗಿ ನನ್ನನ್ನು ನೋಡುವಷ್ಟರಲ್ಲಿ ಅವನು ಬೇರೆ ಮನುಷ್ಯನಾಗಿದ್ದ.

"ನನ್ ಮನಸ್ಸಲ್ಲಿರೋದೂ ನೀವೇ, ಸುಳ್ಯಾಕೆ" ಅಂದ. "ಆದ್ರೆ ನಯನಾಗೆ ಮನೇಲಿ ಏನಾಯ್ತು ಅಂತ ಹೇಳಕ್ ಬರಲ್ಲ. ಬೆಳಿಗ್ಗೆ ಅವಳನ್ನ ಬುಟ್ಟು ಡ್ಯೂಟಿಗೋದ್ರೆ, ಮನೇಲಿರೋರು ಹೇಳಿದ್ನೇ ನಾನು ನಂಬ್ಬೇಕು. ಸ್ವಂತ ತಮ್ಮನ ವಿಷ್ಯದಲ್ಲೇ ನೀವು ಹಿಂಗ್ ಮಾಡ್ಬುಟ್ರಿ."

"ಇನ್ನೊಂದ್ಸಲ ಮಾಡಲ್ಲ."

"ಗೊತ್ತು. ಆದ್ರೂ ನಂಗೆ ಧೈರ್ಯ ಬರಲ್ಲ ಕಣ್ರೀ." ಅವನು ತಂಗಿಯನ್ನು ಕೂರಿಸಿಕೊಂಡು ಬೈಕ್ ಸ್ಟಾರ್ಟ್ ಮಾಡಿದ. ಬೈಕಿನ ಮೇಲೆ ನಯನಾ ನಮಗೆ ಕೈ ಬೀಸುತ್ತಲೇ ಹೋದಳು. ಅವನು ಹಿಂತಿರುಗಲಿಲ್ಲ.

ಅವನು ವಾರದ ರಜೆಯನ್ನು ಮಂಗಳವಾರಕ್ಕೆ ಬದಲಿಸಿಕೊಂಡ ಅಂತ ಮೇಡಂ ಹೇಳಿದರು. ಒಂದು ಸಲ ಫೋನ್ ಮಾಡಿದೆ. ಜಯ ಹೇಗಿದ್ದಾನೆ ಅಂತ ಕೇಳಿ ಅವನೇ ಇಟ್ಟ. ಜಯನ ಹಾಳೆಯನ್ನು ಈಗ ಸರಿಯಾಗಿ ತುಂಬುತ್ತೇನೆ. ಘಟಕ ತುಂಬಿದೆ, ಮುಂದಿನ ವರ್ಷ ನೋಡೋಣ ಅನ್ನುತ್ತಾರೆ. ಅಲ್ಲಿಯವರೆಗೆ ಗುರುವಾರಗಳೆಲ್ಲ ನನ್ನವೇ. ಆ ಬೆಂಚಿನ ಮೇಲೆ ಒಬ್ಬಳೇ ಕೂತು ಬರುತ್ತೇನೆ.

ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ತಡೆಯಲಾಗಲಿಲ್ಲ. ಜಯನ ಕೈ ಹಿಡಿದು ಹೇಳಿಬಿಟ್ಟೆ. "ಕೆಲ್ಸ ನಿಂಗೇ ಸಿಗ್ತಿತ್ತು ಕಣೋ. ನಾನೇ ಹಾಳೇಲಿ ತಪ್ಪು ಬರೆದೆ. ಸೋಮಣ್ಣ ಸಿಗ್ಲಿ ಅಂತ."

ಜಯನಿಗೆ ಸಿಟ್ಟು ಮಾಡಿಕೊಳ್ಳಲು ಬರುವುದಿಲ್ಲ.

"ಸೋಮಣ್ಣ ಸಿಕ್ನಾ ಅಕ್ಕಾ?"

"ಇಲ್ಲ ಕಣೋ."

"ಮತ್ತೆ ಯಾಕ್ ಬರೆದೆ?" ಅಂದ.