ಬೂಟು ಬಿಚ್ಚದ ಕಳ್ಳ

"ಮಿಲಿಟರಿ ಸಾಮಾನು ಗಂಡುಮಕ್ಕಳ ಮನಿಯಾಗ ಇರಬೇಕವಾ. ಮಗಳ ಮಗಳಿಗೆ ಯಾತಕ್ಕ?" ಎಂದು ನೀಲಕಂಠಪ್ಪ ಮಾಮಾ ಎಲ್ಲರೆದುರು ನಕ್ಕಿದ್ದರು. ಸೌಜನ್ಯಾ ಆ ನಗುವನ್ನು ಮರೆಯಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಸೇನೆ ಸೇರಿದ್ದ ಅಜ್ಜ, ಅವಳ ತಾಯಿಯ ತಂದೆ. ಅವನ ಉಕ್ಕಿನ ಟೋಪಿಗೆ ಎಣ್ಣೆ ಹಚ್ಚಿ ಒರೆಸುತ್ತಿದ್ದವಳು ಅವಳು. ಬಂದೂಕು ಸಾಲದೆ ಮರದ ತುಂಡು ಹಿಡಿಸಿ ಕವಾಯತು ಕಲಿಸಿದ ಕತೆ ಕೇಳಿದವಳೂ ಅವಳೇ. ಅಜ್ಜ ಹೋದ ಮೇಲೆ ಟೋಪಿಯೂ ಡ್ರಿಲ್ ಪುಸ್ತಕವೂ ಡೈಮಂಡ್ ಬಾರ್ ಎಂಬ ಊರಿನಲ್ಲಿದ್ದ ಮಾಮಾನ ಮನೆಯ ಹಾಲ್‌ನ ಕಪಾಟು ಸೇರಿದ್ದವು. ಮುಂದಿನ ವಾರ ಪ್ರದರ್ಶನಕ್ಕೆ ಹೋಗಲಿದ್ದವು, ಮಾಮಾನ ಹೆಸರಿನಲ್ಲಿ. ಖಾಲಿ ಕಪಾಟಿನ ಮುಂದೆ ಅವರ ಮುಖ ನೋಡಬೇಕು. ಅವಳಿಗೆ ಬೇಕಿದ್ದುದು ಅಷ್ಟೇ.

"ತಲಿ ವಿಚಾರ ಮಾಡೂದ್ರಾಗ ಗುಂಡು ಬಂದಿರ್ತದ. ಕೈಕಾಲಿಗೇ ಕಲಿಸಬೇಕು," ಎನ್ನುತ್ತಿದ್ದ ಅಜ್ಜ. ಸೊರೆಂಟೊ ವ್ಯಾಲಿಯ ಹತ್ತಿರದ ತನ್ನ ಅಪಾರ್ಟ್‌ಮೆಂಟಿನಲ್ಲಿ ಅವಳು ಕೈಕಾಲಿಗೇ ಕಲಿಸಿದಳು. ಮಾಮಾನ ಹಾಲ್‌ನಲ್ಲಿ ಕ್ಯಾಮೆರಾ ಇತ್ತು. ಅದು ನೋಡಲಿ ಎಂದೇ ಅವಳ ಯೋಜನೆ. ದಪ್ಪ ಜಾಕೆಟ್, ಮುಖಗವಸು, ಬಟ್ಟೆ ತುರುಕಿದ ಗಂಡಸರ ಬೂಟು, ಗಂಡಸಿನ ನಡಿಗೆ. ಎಲ್ಲಕ್ಕಿಂತ ಕಷ್ಟವಾದದ್ದು ಬೂಟಿನಲ್ಲೇ ಮನೆಯೊಳಗೆ ಕಾಲಿಡುವುದು. ಹೊಸ್ತಿಲ ಬಳಿ ಕಾಲು ತಾನಾಗಿ ನಿಂತುಬಿಡುತ್ತಿತ್ತು. ನಿಲ್ಲದಂತಾಗುವವರೆಗೆ ಅಭ್ಯಾಸ ಮಾಡಿದಳು. ಚಪ್ಪಲಿ ಬಿಟ್ಟು ಒಳಗೆ ಬರುವ ಕಳ್ಳ ಎಲ್ಲಿದ್ದಾನೆ?

ಭಾನುವಾರ ಬಳಗವೆಲ್ಲ ಗ್ಲೆಂಡೇಲ್‌ಗೆ ಊಟಕ್ಕೆ ಹೋಯಿತು. ಸೌಜನ್ಯಾ ಮಾತ್ರ ಜ್ವರವೆಂದು ಫೋನ್ ಮಾಡಿದ್ದಳು. ಮಾಮಾನ ಮನೆಯ ಹಿತ್ತಲ ಬಾಗಿಲಿನ ಗಾಜು ಒಡೆದಳು, ಬೂಟಿನಲ್ಲೇ ನಡೆದಳು, ಟೋಪಿಯನ್ನು ಚೀಲಕ್ಕೆ ಹಾಕಿಕೊಂಡಳು. ಕಪಾಟಿನಲ್ಲಿ ಉಳಿದದ್ದು ಕೆಳಗೆ ಬಿತ್ತು. ಬೀಳಲಿ, ಕಳ್ಳತನ ಹಾಗೇ ಕಾಣಬೇಕು.

ಸಂಜೆ ಸುದ್ದಿ ಕೇಳಿ ಗಾಬರಿಯಾದವಳಂತೆ ಡ್ರೈವ್ ಮಾಡಿಕೊಂಡು ಬಂದಳು. ಮಾಮಾನ ಮುಖ ಅವಳು ಬಯಸಿದಂತೆಯೇ ಇತ್ತು. ಅವರ ಮಗ ತರುಣ ಟೀವಿಯಲ್ಲಿ ವಿಡಿಯೊ ಹಾಕಿದ.

"ಸಮ್ ರ್‍ಯಾಂಡಮ್ ಗೈ, ಡ್ಯಾಡ್. ಶೂಸ್ ಕೂಡ ತೆಗ್ದಿಲ್ಲ."

"ಬೂಟ್ ಹಾಕ್ಕೊಂಡ ನನ್ನ ಮನಿ ತುಂಬ ಅಡ್ಡಾಡ್ಯಾನ, ಹಲ್ಕಟ್!" ಎಂದು ಮಾಮಾ ಗುಡುಗಿದರು.

"ಥೂ," ಎಂದಳು ಸೌಜನ್ಯಾ.

"ತಡಿಯೋ," ಎಂದರು ಮಾಮಾನ ಹೆಂಡತಿ ಶಂಕ್ರವ್ವ. "ಕಡೀದು ಮತ್ತೊಮ್ಮಿ ತೋರ್ಸು."

ಪರದೆಯ ಮೇಲೆ ಕಳ್ಳ ಹೊರಡಲು ತಿರುಗಿದ. ಕೆಳಗೆ ಬಿದ್ದಿದ್ದ ಡ್ರಿಲ್ ಪುಸ್ತಕಕ್ಕೆ ಅವನ ಬೂಟು ತಗುಲಿತು. ಕಳ್ಳ ನಿಂತ. ಬಗ್ಗಿ, ಕೈಗವಸಿನ ಬೆರಳುಗಳಿಂದ ಪುಸ್ತಕ ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡ. ಶಂಕ್ರವ್ವ ಪರದೆಯಿಂದ ಕಣ್ಣು ತೆಗೆದು ಈ ಕಡೆ ನೋಡಿದರು. "ಜ್ವರ ಬಿಟ್ಟಾವೇನವಾ, ಸೌಜನ್ಯಾ?"