ಕೌದಿಯ ಎದುರಂಚು

ಕೌದಿ ಹಾಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದೆ. ಲಾಕ್‌ಡೌನಿನಲ್ಲಿ ಸೇಡಂನ ಮನೆಯ ಹಿಂದಿನ ಕೋಣೆಯೊಳಗೆ ಈ ಹೊಲಿಗೆಯೇ ಜೀವಕ್ಕೆ ಹಿತ. ಎದುರಿನ ಅಂಚು ಹೊಲಿಯುವುದು ಅಕ್ಕ ಗುರುಲಿಂಗಮ್ಮನ ಪಾಲು. ಅವಳು ವಾಡಿಯಲ್ಲಿ ಮಗಳ ಮನೆಯಲ್ಲೇ ಸಿಕ್ಕಿಕೊಂಡಿದ್ದಳು. ಆದರೂ ಇಲ್ಲಿ ಆ ಅಂಚಿನ ಹೊಲಿಗೆ ದಿನಾ ಬೆಳೆಯುತ್ತಿತ್ತು. ಅವಳದೇ ಎಡಗೈ ಹೊಲಿಗೆ. ಮುಟ್ಟಿದರೆ ದಾರ ಬೆಚ್ಚಗಿರುತ್ತಿತ್ತು.

ಅವಳ ಮಗಳಿಗೆ ಫೋನ್ ಹಚ್ಚಿದೆ. "ಅವ್ವ ಏನ್ ಮಾಡಾಕತ್ತಾಳ?"

"ಸೂಜಿಲ್ಲ, ಬಟ್ಟಿಲ್ಲ, ಬರೇ ಕೈಲೇ ಗಾಳ್ಯಾಗ ಹೊಲಿಯಾಕತ್ತಾಳ, ಚಿಗವ್ವ. ನಿನ್ನ ಹೊಲಿಗಿ ಭಾಳ ಸೊಟ್ಟ ಅಂತ ಬೈತಾಳ!"

ಶ್ರಾವಣದಲ್ಲಿ ಅಕ್ಕ ತೀರಿಕೊಂಡಳು. ನನಗೆ ಅಳು ಬರಲಿಲ್ಲ. ದಾರ ತಣ್ಣಗಾಗಿತ್ತು. ಕೊನೆಯ ಮೂಲೆ ಮುಚ್ಚುವ ಮೊದಲು ತಿನಿಸಿಟ್ಟು ಕೌದಿಯ ಹೊಟ್ಟೆ ತುಂಬಿಸುವ ಪದ್ಧತಿಯಂತೆ ಅವಳ ಮೂಲೆಯೊಳಗೆ ಹೋಳಿಗೆಯ ತುಂಡಿಟ್ಟು, ಹೊಲಿಯದೆ ಬಿಟ್ಟೆ. ಮುಂಜಾನೆ ನೋಡಿದರೆ ಮೂಲೆ ಮುಚ್ಚಿತ್ತು. ಎಡಗೈ ಹೊಲಿಗೆ, ಬೆಚ್ಚಗೆ.

ಅಕ್ಕ ಇದ್ದಾಗ, ನಾನು ರಾತ್ರಿಶಾಲೆಯಲ್ಲಿ ಕಲಿತ ಅಕ್ಷರದಲ್ಲಿ "ಲಗೂನ ಬಾ ಅಕ್ಕಾ" ಎಂದು ಬರೆದಿಟ್ಟಿದ್ದ ಕಾಗದ ಕಳಿಸದೆ ಹಾಗೇ ಉಳಿದಿತ್ತು. ಅವತ್ತೇ ಅವಳ ಹೆಸರಿಗೆ ಅಂಚೆಗೆ ಹಾಕಿ ಬಂದೆ.